ಕಾಲು ಅಂದರೆ ನಿನ್ನೆ ಆಯಿತು

(ಸಾವಳಗಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ದೊಡ್ಡವ್ವನ ಸುದ್ದಿಯಿಂದಲೇ ಶುರು ಮಾಡುತ್ತೇನೆ. ಹೊಲದಲ್ಲಿ ಕಸ ತೆಗೆಯುತ್ತಿದ್ದವಳು ಹಂಗೇ ಬಲಕ್ಕೆ ವಾಲಿ ಕುಂತುಬಿಟ್ಟಳು. ಬಾಯಿ ಸೊಟ್ಟ, ಮಾತಿಲ್ಲ. ಲಕ್ವಾ ಹೊಡೆದಿತ್ತು. ಮೊದಲು ಎಣ್ಣೆ ತಿಕ್ಕಿದರು, ಗಾಳಿ ಸೋಕೈತಿ ಅಂತ ನಿಂಬೆಹಣ್ಣು ಇಳಿಸಿದರು. ಆಮೇಲೆ ನಮ್ಮಣ್ಣ ಗಾಡಿ ಮಾಡಿಕೊಂಡು ಗಡಿಯಾಚೆಯ ಒಂದು ಆಸ್ಪತ್ರೆಗೆ ಒಯ್ದ. ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಬಾಗಿಲಲ್ಲೇ "ಕಧೀ ಝಾಲಂ?" ಅಂತ ಕೇಳಿದರು. ಯಾವಾಗ ಆಯಿತು ಅಂತ. ಇವನಿಗೆ ಏನಾಯಿತು ಅಂತ ಕೇಳಿದಂಗಾಯಿತು. "ಕಾಲ್ ರೀ, ಕಾಲ್ ಹೋಗೇತ್ರಿ" ಅಂದ. ಮರಾಠಿಯಲ್ಲಿ ಕಾಲ ಅಂದರೆ ನಿನ್ನೆ. ಚೀಟಿಯಲ್ಲಿ ನಿನ್ನೆ ಅಂತ ಬಿತ್ತು. ಆಗಿ ಮೂರು ತಾಸೂ ಆಗಿರಲಿಲ್ಲ.

ಆ ಒಂದು ಶಬ್ದಕ್ಕೆ ಯಾಕಷ್ಟು ಬೆಲೆ ಅಂದರೆ, ಲಕ್ವಾ ಕೈಕಾಲಿನ ರೋಗ ಅಲ್ಲ, ಮಿದುಳಿನದು. ಹೆಚ್ಚಿನವರಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ, ಕೆಲವರಲ್ಲಿ ನಾಳ ಒಡೆಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದರಿಂದ ಗುಣ ಉಂಟೆಂದು 1995ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಆಗ ಗಡುವು 3 ತಾಸು. 2008ರಲ್ಲಿ ಅದು 4½ ತಾಸಿಗೆ ಬೆಳೆಯಿತು. ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಏಕೆಂದರೆ ನಾಳ ಒಡೆದವರಿಗೆ ಅದೇ ಇಂಜೆಕ್ಷನ್ ವಿಷ. ಅದಕ್ಕೇ ಡಾಕ್ಟರು ಕೇಳುವ ಮೊದಲ ಪ್ರಶ್ನೆ: ಇವರು ಕೊನೆಗೆ ಸರಿ ಇದ್ದದ್ದು ಎಷ್ಟು ಗಂಟೆಗೆ? ನಿನ್ನೆ ಅಂದರೆ ಸಾಮಾನ್ಯವಾಗಿ ಆ ಸೂಜಿಯ ಮಾತು ಮುಗಿಯಿತು.

ಸೂಜಿ ಕೊಟ್ಟಿದ್ದರೆ ದೊಡ್ಡವ್ವ ಎದ್ದು ನಡೆಯುತ್ತಿದ್ದಳು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಕೊಡಬೇಕೋ ಬಿಡಬೇಕೋ ಅಂತ ಯಾರೂ ನೋಡಲೇ ಇಲ್ಲ. ಎರಡು ವರ್ಷ ಹೊರಸಿನ ಮೇಲಿದ್ದು ಹೋದಳು.

ಇನ್ನೊಂದು ನೋಡಿ. ಲಕ್ವಾ ಗುರುತಿಸುವುದಕ್ಕೆ ಮುಖ, ಕೈ, ಮಾತು ಮೂರನ್ನೂ ನೋಡುತ್ತಾರೆ. ನಮ್ಮ ಭಾಷೆ ಬಾರದವನಿಗೆ ಮುದುಕಿಯ ನಾಲಿಗೆ ತೊದಲುತ್ತಿದೆಯೋ, ನಮ್ಮ ಮಾತೇ ಹಿಂಗೋ ಹೆಂಗೆ ತಿಳಿಯಬೇಕು? ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಬಹಳ ಮಂದಿಗೆ ಇದ್ದ ಮಾತೂ ಹೋಗುತ್ತದೆ. ಆಗ ಜೊತೆಗೆ ಬಂದವನೇ ಬಾಯಿ. ಆ ಬಾಯಿಗೂ ಭಾಷೆ ಇಲ್ಲ ಅಂದರೆ?

ಗಡಿ ದಾಟಬ್ಯಾಡ್ರಿ ಅನ್ನುವವರಿದ್ದಾರೆ. ಮಿರಜಿನಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ಎದ್ದಾಗಿನಿಂದ ಈ ಸೀಮೆಯ ಜನ ಆ ಕಡೆ ಹೋಗುತ್ತಲೇ ಇದ್ದಾರೆ. ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರಕ್ಕೆ ಹೋದವನಿಗೆ ಲಕ್ವಾ ಅಲ್ಲೇ ಹೊಡೆಯುತ್ತದೆ, ಊರಿಗೆ ಬರುವ ತನಕ ಕಾಯುವುದಿಲ್ಲ. ಮತ್ತೆ ಈ ಕಡೆ ಎಲ್ಲ ಸರಿ ಇದೆಯೇ? ನಮ್ಮ ಗೋಡೆಗಳ ಮೇಲೆ 'ಪಾರ್ಶ್ವವಾಯು' ಅಂತ ಬರೆದಿರುತ್ತದೆ. ನಮ್ಮ ಕೇರಿಯಲ್ಲಿ ಆ ಶಬ್ದ ಯಾರಿಗೆ ಗೊತ್ತು? ಸಹಿ ಹಾಕೆಂದು ಕೊಡುವ ಕಾಗದ ಇಂಗ್ಲಿಷಿನಲ್ಲಿ. ಸಾಹುಕಾರನ ಮನೆಯಲ್ಲಿ ಲಕ್ವಾ ಹೊಡೆದರೆ ಡಾಕ್ಟರಿಗೆ ಮೊದಲೇ ಫೋನ್ ಹೋಗಿರುತ್ತದೆ. ನಾವು ಹೆಬ್ಬೆಟ್ಟು ಒತ್ತಿ ಹೊರಗೆ ಕೂರುತ್ತೇವೆ. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪಾರ್ಸಿ ತೆಗೆದುಕೊಂಡರು. ಭಾಷೆಯ ಬಾಗಿಲು ಹಾಕುವುದು ನಮಗೆ ಹೊಸದಲ್ಲ.

ಕೇಳಬೇಕಾದ್ದನ್ನು ಕೇಳೋಣ. ಕನ್ನಡದ ರೋಗಿಗಳು ದಿನಾ ಬರುವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಾತ್ರಿಯೂ ಒಬ್ಬ ಕನ್ನಡ ಬಲ್ಲವರಿರಲಿ. ಅರ್ಜಿ ಬರೆಯಲು ನಿಮಗೆ ಬರುತ್ತದಲ್ಲ?

ಅಲ್ಲಿಯವರೆಗೆ ನೀವೇ ಆ ಬಾಯಿ. ಮುಖ ವಾಲಿತು, ಕೈ ಬಿತ್ತು, ಮಾತು ತೊದಲಿತು ಅಂದರೆ ಗಡಿಯಾರ ನೋಡಿ ಅಂಗೈ ಮೇಲೆ ಬರೆದುಕೊಳ್ಳಿ. ಮಲಗಿ ಎದ್ದಾಗ ಕಂಡರೆ, ಮಲಗಿದ ಹೊತ್ತನ್ನು ಬರೆಯಿರಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಕಡೆಗೇ ಒಯ್ಯಿರಿ. ಮತ್ತೆ ಈ ನಾಲ್ಕು ಮರಾಠಿ ಶಬ್ದ ಈಗಲೇ ಬರೆದುಕೊಳ್ಳಿ: ಇವತ್ತು, ಆಜ. ಮುಂಜಾನೆ, ಸಕಾಳಿ. ಕೈ, ಹಾತ. ಕಾಲು, ಪಾಯ.