ಬೆಡಗೂ ಬೆವರೂ

ಕಾವ್ಯಕ್ಕೆ ಕಾರಣವಾವುದು, ಹುಟ್ಟಿನಿಂದ ಬಂದ ಪ್ರತಿಭೆಯೊ, ಪಟ್ಟುಹಿಡಿದು ಮಾಡಿದ ಅಭ್ಯಾಸವೊ ಎಂಬ ವಾದ ನಮ್ಮ ಆಲಂಕಾರಿಕರಲ್ಲಿ ಬಹುಕಾಲ ನಡೆಯಿತು. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಮೂರೂ ಕೂಡಿಯೇ ಕಾರಣ, ಬಿಡಿಬಿಡಿಯಾಗಿ ಅಲ್ಲವೆಂದು ಮಮ್ಮಟನು ತೀರ್ಮಾನ ಕೊಟ್ಟನು. ಕವಿ ಒಬ್ಬನೇ ಆದುದರಿಂದ ಮೂರೂ ಅವನೊಬ್ಬನಲ್ಲಿಯೇ ಇರಬೇಕಾಗುತ್ತದೆ. ಕಾಲ್ಚೆಂಡಾಟದ ತಂಡದಲ್ಲಾದರೋ ಹನ್ನೊಂದು ಜನರುಂಟು. ಇವನ್ನು ಅವರಲ್ಲಿ ಹಂಚಿಹಾಕಬಹುದು. ಹಂಚುವ ಲೆಕ್ಕ ಮಾತ್ರ ಸುಲಭವಲ್ಲ.

1958ರಲ್ಲಿ ಸ್ವೀಡನ್ ದೇಶದಲ್ಲಿ ನಡೆದ ವಿಶ್ವಕಪ್ ಪಂದ್ಯಗಳಲ್ಲಿ ಬ್ರೆಜಿಲ್ ತಂಡದ ಬಲಪಕ್ಕದಲ್ಲಿ ಗಾರಿಂಚಾ, ಎಡಪಕ್ಕದಲ್ಲಿ ಮಾರಿಯೋ ಜಗಾಲೊ ಆಡಿದರು. ಗಾರಿಂಚಾನ ಕಾಲುಗಳು ಡೊಂಕು. ಆ ಕಾಲುಗಳಿಂದಲೇ ಆತನು ಚೆಂಡನ್ನು ಮುಂದಿಟ್ಟು, ನಿಂತು, ಒಮ್ಮೆ ಒಳಕ್ಕೆ ಬಾಗಿದಂತೆ ಮಾಡಿ, ಹೊರಮಗ್ಗುಲಿನಿಂದ ಹಾರಿಹೋಗುತ್ತಿದ್ದನು. ಉಪಾಯ ಇದೇ ಎಂದು ಎದುರಾಳಿಗೆ ಗೊತ್ತು, ಗೊತ್ತಿದ್ದೂ ಮೋಸಹೋಗುತ್ತಿದ್ದನು. ಶಿಸ್ತಿನ ಕವಾಯತು ಗಾರಿಂಚಾನಿಗೆ ಸೇರದು. ತಂಡದ ಮನಶ್ಶಾಸ್ತ್ರಜ್ಞರು ಪರೀಕ್ಷೆಮಾಡಿ, ಈತನೂ ಹದಿನೇಳು ವರ್ಷದ ಪೆಲೆಯೂ ಪಂದ್ಯಕ್ಕೆ ತಕ್ಕವರಲ್ಲವೆಂದರಂತೆ. ತರಬೇತಿಗಾರ ಫಿಯೋಲಾ ಆ ಮಾತನ್ನು ಬದಿಗಿಟ್ಟನು. ಪರೀಕ್ಷೆ ನಡೆಸಿಯೇ ಹೊಟ್ಟೆಹೊರೆಯುವ ನಮ್ಮಂಥವರಿಗೆ ಇದು ಅಷ್ಟು ಹಿತವಾದ ಸಂಗತಿಯಲ್ಲ.

ಮೂರನೆಯ ಪಂದ್ಯದಿಂದ ಇಬ್ಬರೂ ಕಣಕ್ಕಿಳಿದರು. ಅಂತಿಮ ಪಂದ್ಯದಲ್ಲಿ ಸ್ವೀಡನ್ ಮೊದಲ ಗೋಲು ಹೊಡೆದ ಮೇಲೆ ಗಾರಿಂಚಾ ಬಲಪಕ್ಕದಿಂದ ಎರಡು ಸಲ ಒಂದೇ ಬಗೆಯಾಗಿ ಚೆಂಡನ್ನು ತಂದುಕೊಟ್ಟನು. ಎರಡು ಸಲವೂ ವಾವಾ ಗೋಲು ಮಾಡಿದನು. ಬ್ರೆಜಿಲ್ 5–2ರಿಂದ ಗೆದ್ದಿತು.

ಇನ್ನು ಜಗಾಲೊ. ಆತನಿಗೆ ಬ್ರೆಜಿಲಿನವರು ಇಟ್ಟ ಅಡ್ಡಹೆಸರು ‘ಪುಟ್ಟ ಇರುವೆ’. ಮುಂದಿನ ಸಾಲಿನ ನಾಲ್ವರಲ್ಲಿ ಒಬ್ಬನಾಗಿದ್ದರೂ, ಚೆಂಡು ಎದುರಿನವರಿಗೆ ಸಿಕ್ಕಿದೊಡನೆ ಹಿಂದಕ್ಕೆ ಓಡಿಬಂದು, ಇಬ್ಬರೇ ಇದ್ದ ನಡುಸಾಲಿಗೆ ಮೂರನೆಯವನಾಗುತ್ತಿದ್ದನು. ಇರುವೆಯೆಂದರೆ ಕಲೆಯಿಲ್ಲದ ಕೂಲಿಯೆಂದು ತಿಳಿಯಬಾರದು. ಆ ಅಂತಿಮ ಪಂದ್ಯದಲ್ಲಿ ಬ್ರೆಜಿಲಿನ ನಾಲ್ಕನೆಯ ಗೋಲು ಅವನದೇ. ಗಾರಿಂಚಾ ಚೆಂಡನ್ನು ಕಳೆದುಕೊಂಡು ಅಲ್ಲಿಯೇ ನಿಂತರೂ ತಂಡ ಕೆಡದಿದ್ದುದಕ್ಕೆ, ನನ್ನ ಮತದಲ್ಲಿ, ಈ ಓಟವೇ ಬಹುಪಾಲು ಕಾರಣ. ಎಲ್ಲರೂ ಒಂದೇ ಸಮನೆ ದುಡಿಯಲೆಂದು ಗಾರಿಂಚಾನನ್ನೂ ಹಿಂದಕ್ಕೆ ಓಡಿಸಿದ್ದರೆ ಒಬ್ಬ ಸಾಧಾರಣ ಕಾವಲುಗಾರ ಸಿಕ್ಕುತ್ತಿದ್ದನು, ಗಾರಿಂಚಾ ಕಳೆದುಹೋಗುತ್ತಿದ್ದನು. 1962ರಲ್ಲಿ ಚಿಲಿಯಲ್ಲಿ ಪೆಲೆ ಎರಡನೆಯ ಪಂದ್ಯದಲ್ಲಿಯೇ ಗಾಯಗೊಂಡಾಗ, ಇಂಗ್ಲೆಂಡಿನ ಮೇಲೆ ಎರಡು, ಚಿಲಿಯ ಮೇಲೆ ಎರಡು ಗೋಲು ಹೊಡೆದು ತಂಡವನ್ನು ಅಂತಿಮ ಪಂದ್ಯಕ್ಕೆ ಮುಟ್ಟಿಸಿದವನು ಈ ಗಾರಿಂಚಾನೇ.

ಆದರೆ ತಂಡದಲ್ಲಿ ಇಂಥವರು ಐವರಿದ್ದರೆ ಒಬ್ಬ ಇರುವೆ ಎಲ್ಲೆಲ್ಲಿಗೆಂದು ಓಡಿಯಾನು? 1970ರಲ್ಲಿ ತರಬೇತಿಗಾರನಾಗಿದ್ದ ಜಗಾಲೊನಿಗೇ ಈ ಪ್ರಶ್ನೆ ಎದುರಾಯಿತು. ಪೆಲೆ, ಟೊಸ್ಟಾವ್, ಗೆರ್ಸನ್, ರಿವೆಲಿನೊ, ಜೈರ್ಜಿನ್ಹೊ ಐವರನ್ನೂ ಅವನು ಆಡಿಸಿದನು. ರಿವೆಲಿನೊನನ್ನು ಎಡಪಕ್ಕಕ್ಕೆ ಹಾಕಿ, ಹಿಂದೆ ತಾನು ಮಾಡಿದಂತೆ ನಡುವಿಗೆ ಸರಿಯುವ ಕೆಲಸವನ್ನು ವಹಿಸಿದನು.

ಮೆಕ್ಸಿಕೊ ನಗರದ ಅಂತಿಮ ಪಂದ್ಯದಲ್ಲಿ ಇಟಲಿಯ ಮೇಲೆ ಬಂದ ನಾಲ್ಕನೆಯ ಗೋಲನ್ನು ಆಟ ಬಲ್ಲವರೆಲ್ಲರೂ ಕೊಂಡಾಡುತ್ತಾರೆ. ಕ್ಲೋಡೊಆಲ್ಡೊ ನಾಲ್ವರನ್ನು ತಪ್ಪಿಸಿಕೊಂಡುದು, ಪೆಲೆ ಅವಸರವಿಲ್ಲದೆ ಚೆಂಡನ್ನು ಬಲಕ್ಕೆ ಉರುಳಿಸಿದುದು, ಕಾರ್ಲೋಸ್ ಆಲ್ಬರ್ಟೊ ಓಡಿಬಂದು ಒದ್ದುದು, ಇವು ಎಲ್ಲರ ನೆನಪಿನಲ್ಲಿವೆ. ಅದಕ್ಕೂ ಮೊದಲು ತಮ್ಮ ಅರ್ಧದೊಳಗೆ ಆ ಚೆಂಡನ್ನು ಇಟಲಿಯವರಿಂದ ಕಿತ್ತುಕೊಂಡವನು ಟೊಸ್ಟಾವ್, ತಂಡದ ನಟ್ಟನಡುವಣ ಮುಂದಾಳು. ಬ್ರೆಜಿಲ್ ಆಗ 3–1ರಿಂದ ಮುಂದಿತ್ತು, ಆಟ ಮುಗಿಯಲು ಕೆಲವೇ ನಿಮಿಷಗಳಿದ್ದವು. ಆದರೂ ಅವನು ಹಿಂದಕ್ಕೆ ಓಡಿಬಂದಿದ್ದನು.