ಜಗಲಿಯ ಮೇಲಿನ ಶಾಸ್ತ್ರ

“ಇದರಲ್ಲಿ ಹೊಸದೇನು? ನಮ್ಮೂರ ಪಟೇಲರೇ ಹೇಳಿಯಾರು!” ಸಮಾಜವಿಜ್ಞಾನದ ಸಂಶೋಧನೆಯನ್ನು ಕುರಿತ ಈ ಆಕ್ಷೇಪವನ್ನು ಅಧ್ಯಾಪಕನಾಗಿದ್ದಷ್ಟು ಕಾಲವೂ ಕೇಳಿದ್ದೇನೆ. ಪ್ರಯೋಗಶಾಲೆಯ ಮುಂದೆ ಕೈಕಟ್ಟಿ ನಿಲ್ಲುವವರೇ ಹಳ್ಳಿಯ ಜಗಲಿಯಲ್ಲಿ ಕುಳಿತು ಬರೆದುಕೊಳ್ಳುವವನನ್ನು ಕಂಡರೆ ನಗುತ್ತಾರೆ.

1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿ, ಅಲ್ಲಿನ ಒಕ್ಕಲುತನ, ಜಗಳ, ನ್ಯಾಯತೀರ್ಮಾನಗಳನ್ನು ಗಮನಿಸಿದರು. ಬರೆಹದಲ್ಲಿ ಆ ಊರಿಗೆ ರಾಂಪುರವೆಂದು ಹೆಸರಿಟ್ಟರು. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಗೆ ಈ ಊರೇ ಆಧಾರ. ಜಾತಿಯ ಬಲ ಮಡಿಮೈಲಿಗೆಯ ಶ್ರೇಣಿಯೊಂದರಿಂದಲೇ ಬರುವುದಲ್ಲ. ಹೊಲಗದ್ದೆಯಿಂದಲೂ ತಲೆಯೆಣಿಕೆಯಿಂದಲೂ ಬರುತ್ತದೆ. ಪಟೇಲರಿಗೆ ಇದು ತಿಳಿದಿತ್ತು, ನಿಜ. ಆದರೆ ಜಾತಿಯೆಂದರೆ ನಾಲ್ಕು ವರ್ಣಗಳೆಂದು ಗ್ರಂಥ ನೋಡಿ ಬರೆದ ಪಂಡಿತರಿಗೆ ತಿಳಿದಿರಲಿಲ್ಲವಲ್ಲ!

‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಕೆಗೆ ತಂದವರೂ ಅವರೇ. ಈ ಶಾಸ್ತ್ರದಿಂದ ಏನು ಪ್ರಯೋಜನವೆಂದು ವೇದಿಕೆಯ ಮೇಲೆ ಕೇಳುವವರು ಮರುವಾಕ್ಯದಲ್ಲಿ ಆ ಮಾತನ್ನೇ ಆಡುತ್ತಾರೆ. ಕಡ ತಂದುದೆಂಬ ನೆನಪೂ ಅವರಿಗಿರುವುದಿಲ್ಲ.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ಶ್ರೀನಿವಾಸರು 18 ವರ್ಷ ಅಣಿಗೊಳಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ತುತ್ತಾದವು. ಆಗ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಊರು ಹೊಕ್ಕು 28 ವರ್ಷಗಳ ಮೇಲೆ! ವರ್ಷವರ್ಷವೂ ಫಲದ ಲೆಕ್ಕ ಕೇಳುವ ಯಾವ ಅನುದಾನ ಸಮಿತಿ ಅಷ್ಟು ಕಾಲ ತಾಳೀತು? ನೆನಪಿನಿಂದ ಬರೆದದ್ದು ಶಾಸ್ತ್ರವೇ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ಕನ್ನಡದ ಮೇಷ್ಟ್ರಾದ ನನಗೆ ಅದರಲ್ಲಿ ಆ ಊರಿನ ಜನ ಮಾತನಾಡುವುದು ಕೇಳಿಸುತ್ತದೆ.