ಯಾವ ಕಂಪ್ಯೂಟರ್ ವ್ಯವಸ್ಥೆ ನಮಗೆ ಅನುಕೂಲ?

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ನಾನು ಕಂಪ್ಯೂಟರ್ ತಜ್ಞೆಯಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಎಡದಿಂದ ಬಲಕ್ಕೆ ಹೋಗುವ ಕನ್ನಡವನ್ನೂ ಬಲದಿಂದ ಎಡಕ್ಕೆ ಬರುವ ಉರ್ದುವನ್ನೂ ಒಂದೇ ಯಂತ್ರದಲ್ಲಿ ಟೈಪ್ ಮಾಡಬೇಕಾದವಳು. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಈ ವಿಷಯ ಈಗ ಏಕೆ? 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕಬೇಕಾದರೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ದಾನಿಗಳು ಕೊಟ್ಟ ನಮ್ಮ ಹಳೆಯ ಕಂಪ್ಯೂಟರ್‌ಗಳಲ್ಲಿ ಇವೆಲ್ಲ ಇಲ್ಲ. ಹಾಗಾದರೆ ಅವನ್ನು ಗುಜರಿಗೆ ಹಾಕಬೇಕೇ? ಇದು ನಮ್ಮ ಮುಂದಿರುವ ಪ್ರಶ್ನೆ.

ಮೊದಲು ಕಣ್ಣಿಗೆ ಕಾಣುವ ಡೆಸ್ಕ್‌ಟಾಪನ್ನು ನೋಡೋಣ. 1995ರ ವಿಂಡೋಸ್‌ನಲ್ಲಿ ಬಂದ ಸ್ಟಾರ್ಟ್ ಬಟನ್ ಮತ್ತು ಕೆಳಗಿನ ಪಟ್ಟಿ ಎಲ್ಲರಿಗೂ ಪರಿಚಿತ. ಆಪಲ್‌ನ ಮ್ಯಾಕ್‌ನಲ್ಲಿ ಮೆನು ಪರದೆಯ ಮೇಲ್ತುದಿಯಲ್ಲಿ, ಕೆಳಗೆ ಡಾಕ್. ಲಿನಕ್ಸ್‌ನಲ್ಲಿ ಗ್ನೋಮ್, ಕೆಡಿಇ ಮುಂತಾದ ಹಲವು ಡೆಸ್ಕ್‌ಟಾಪ್‌ಗಳಿದ್ದು, ಬೇಕಾದುದನ್ನು ಆರಿಸಿಕೊಳ್ಳಬಹುದು. ಒಂದೇ ಪರದೆಯಲ್ಲಿ ಹಲವು ಡೆಸ್ಕ್‌ಟಾಪ್ ಇಟ್ಟುಕೊಳ್ಳುವ ಸೌಲಭ್ಯ ಲಿನಕ್ಸ್‌ನಲ್ಲಿ ಬಹಳ ಹಿಂದಿನಿಂದ ಇದೆ. ಮ್ಯಾಕ್‌ಗೆ 2007ರಲ್ಲಿ, ವಿಂಡೋಸ್‌ಗೆ 2015ರಲ್ಲಿ ಸೇರಿತು.

ಇನ್ನು ನಮ್ಮ ಭಾಷೆಗಳ ಮಾತು. ವಿಂಡೋಸ್ ಮತ್ತು ಗ್ನೋಮ್‌ನಲ್ಲಿ ವಿಂಡೋಸ್ ಕೀಲಿ ಒತ್ತಿ ಸ್ಪೇಸ್ ಒತ್ತಿದರೆ, ಮ್ಯಾಕ್‌ನಲ್ಲಿ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ, ನಾವು ಸೇರಿಸಿಟ್ಟ ಕೀಲಿಮಣೆಗಳು ಬದಲಾಗುತ್ತವೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ, ಅಲ್ಲಿಂದ ಉರ್ದುವಿಗೆ. ನಮ್ಮ ಕಚೇರಿಗಳಲ್ಲಿ ರೂಢಿಯಲ್ಲಿರುವ ಕಗಪ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಉರ್ದುವಿಗೆ ನೋಟೋ ನಸ್ತಾಲೀಖ್ ಫಾಂಟ್ ಉಚಿತವಾಗಿ ಸಿಗುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಕಂಟ್ರೋಲ್ ಜೊತೆ ಬಲಗಡೆಯ ಶಿಫ್ಟ್ ಒತ್ತಿದರೆ ಸಾಲು ಬಲದಿಂದ ಆರಂಭವಾಗುತ್ತದೆ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಡಿಟಿಪಿ ಅಂಗಡಿಗೆ ಒಯ್ದೆ. ಅಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಚಿಹ್ನೆಗಳ ರಾಶಿ! ಮರುದಿನ ಪರೀಕ್ಷೆ. ರಾತ್ರಿಯೆಲ್ಲ ಕೈಯಲ್ಲಿ ಬರೆದು ಬೆಳಿಗ್ಗೆ ಜೆರಾಕ್ಸ್ ಮಾಡಿಸಿದೆ. ತಪ್ಪು ನನ್ನದೇ. ಯುನಿಕೋಡ್‌ನಲ್ಲಿ ಬರೆದಿದ್ದರೆ ಯಾವ ವ್ಯವಸ್ಥೆಯಲ್ಲಾದರೂ ಅಕ್ಷರ ಉಳಿಯುತ್ತಿತ್ತು. ಆದ್ದರಿಂದ ಮಕ್ಕಳೇ, ವ್ಯವಸ್ಥೆ ಯಾವುದೇ ಇರಲಿ, ಯುನಿಕೋಡ್ ಬಿಡಬೇಡಿ.

ಲಿನಕ್ಸ್ ನಮ್ಮ ಮಕ್ಕಳಿಗೆ ಕಷ್ಟವಾದೀತು ಎಂದು ಪೋಷಕರು ಕೇಳುತ್ತಾರೆ. ನೆರೆಯ ಕೇರಳವನ್ನು ನೋಡಿ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಹೆಸರಿನಲ್ಲಿ, ಶಾಲೆಗಳಿಗೆ ಉಬುಂಟು ಆಧಾರಿತ ಲಿನಕ್ಸನ್ನೇ ಕೊಡುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಐಟಿ ಪಾಠ ಕಲಿಯುತ್ತಾರೆ. ಅವರಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೂ ಸಾಧ್ಯ.

ಹಾಗೆಂದು ವಿಂಡೋಸ್ ಬೇಡ ಎನ್ನುತ್ತಿಲ್ಲ. ಟ್ಯಾಲಿ, ನುಡಿ, ಇನ್‌ಪೇಜ್ ಕಲಿತು ಅಂಗಡಿಯಲ್ಲೋ ಕಚೇರಿಯಲ್ಲೋ ಕೆಲಸ ಹಿಡಿಯುವವರಿಗೆ ಅದು ಬೇಕೇ ಬೇಕು. ಮ್ಯಾಕ್ ಚೆನ್ನಾಗಿದೆ, ಆದರೆ ಅದನ್ನು ಆಪಲ್‌ನ ಯಂತ್ರದೊಂದಿಗೇ ಕೊಳ್ಳಬೇಕು, ಅಷ್ಟು ಹಣ ನಮ್ಮಲ್ಲಿಲ್ಲ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ವಿನಂತಿ: ಒಂದೆರಡು ಹೊಸ ಯಂತ್ರಗಳಲ್ಲಿ ವಿಂಡೋಸ್ ಇರಲಿ. ಹಳೆಯವನ್ನು ಮಾರಬೇಡಿ. ಉಬುಂಟುವನ್ನು ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ಅದು ಭಾರವೆನಿಸಿದರೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇದೆ. ಒಂದು ಭಾನುವಾರ ಎಲ್ಲರೂ ಕುಳಿತು ಪರೀಕ್ಷಿಸೋಣ, ನಾನೂ ಬರುತ್ತೇನೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗಿಗೆ ಆ ಹಳೆಯ ಯಂತ್ರವೇ ಮೊದಲ ಕಂಪ್ಯೂಟರ್ ಎಂಬುದನ್ನು ಮರೆಯದಿರೋಣ.